ಎರಡು ಕೋಣೆಯ ಮನೆಗೂ ಇಪ್ಪತ್ತು ಗುಡಿಸಲಿನ ರೆಸಾರ್ಟಿಗೂ ಒಂದೇ ಬೋರ್ಡಾ?

ಹೋಂಸ್ಟೇ ಅಂದರೆ ಏನು ಅಂತ ಗಂಗಾವತಿ ತಾಲ್ಲೂಕಿನ ನದಿ ದಂಡೆಯ ಊರುಗಳಲ್ಲಿ ಕೇಳಿ ನೋಡಿ. ಆನೆಗೊಂದಿಯಲ್ಲಿ ಒಂದು ಉತ್ತರ, ಸಾಣಾಪುರದಲ್ಲಿ ಇನ್ನೊಂದು, ಹನುಮನಹಳ್ಳಿಯಲ್ಲಿ ಮತ್ತೊಂದು. ಒಂದು ಕಡೆ ಹಳೇ ಮಾಳಿಗೆ ಮನೆ, ಪಡಸಾಲೆ ಪಕ್ಕದ ಎರಡು ಕೋಣೆ ಸುಣ್ಣ ಬಳಿದು ಅತಿಥಿಗಳಿಗೆ ಬಿಟ್ಟಿರುತ್ತಾರೆ. ಮನೆಯವರು ತಿನ್ನುವ ರೊಟ್ಟಿ, ಪಲ್ಯವೇ ಅವರಿಗೂ. ಇನ್ನೊಂದು ಕಡೆ ಭತ್ತದ ಗದ್ದೆಗೆ ಮೊರಂ ಸುರಿದು, ಸಾಲಾಗಿ ಗುಡಿಸಲು ಎಬ್ಬಿಸಿ, ನಡುವೆ ಒಂದು ಕೆಫೆ, ಬಣ್ಣದ ಲೈಟು. ಮಾಲೀಕ ಹೊಸಪೇಟೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಇಲ್ಲಿರುವುದು ಮ್ಯಾನೇಜರ್ ಮತ್ತು ಇಬ್ಬರು ಹುಡುಗರು. ಎರಡರ ಮುಂದೆಯೂ ನೇತಾಡುವ ಬೋರ್ಡಿನಲ್ಲಿ ಬರೆದಿರುವುದು ಒಂದೇ ಶಬ್ದ: ಹೋಂಸ್ಟೇ.

ನನ್ನ ತಕರಾರು ಇರುವುದೇ ಈ ಬೋರ್ಡಿನ ಬಗ್ಗೆ.

ನಿಯಮ ಏನು ಹೇಳುತ್ತದೆ ನೋಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಒಂದರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ. ನಮ್ಮ ರಾಜ್ಯದ ಹೋಂಸ್ಟೇ ಮಾರ್ಗಸೂಚಿಯಲ್ಲಿ 5 ಕೋಣೆ, 10 ಹಾಸಿಗೆ. ಇವೆರಡಕ್ಕೂ ಸಮಾನವಾದ ಮುಖ್ಯ ಷರತ್ತು ಒಂದಿದೆ: ಮನೆಯ ಮಾಲೀಕ ತನ್ನ ಕುಟುಂಬದ ಜೊತೆ ಅದೇ ಮನೆಯಲ್ಲಿ ವಾಸ ಇರಬೇಕು. ಅಂದರೆ ಮೊದಲು ಮನೆ, ಆಮೇಲೆ ಅತಿಥಿ. ಈ ಲೆಕ್ಕದಲ್ಲಿ ಗದ್ದೆಯ ಮೇಲಿನ ಇಪ್ಪತ್ತು ಗುಡಿಸಲು ಲೈಸೆನ್ಸ್ ಇಲ್ಲದ ಹೋಂಸ್ಟೇ ಕೂಡ ಅಲ್ಲ. ಅದು ಹೋಂಸ್ಟೇಯೇ ಅಲ್ಲ. ಅದೊಂದು ರೆಸಾರ್ಟು, ಅದಕ್ಕೆ ಬೇಕಾದ ಕಾಗದಗಳೇ ಬೇರೆ. ಗದ್ದೆಯಾಗಿದ್ದ ಜಮೀನಿಗೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಬೇಕು. ಕಟ್ಟಡಕ್ಕೆ ಪರವಾನಗಿ ಬೇಕು. ನಮ್ಮ ಭಾಗದಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ತಪ್ಪಿಸಿಕೊಳ್ಳಲು ಸುಲಭದ ದಾರಿ ಅಂದರೆ ಬೋರ್ಡಿನ ಮೇಲೆ ಹೋಂಸ್ಟೇ ಅಂತ ಬರೆಸುವುದು.

ಪ್ರಾಧಿಕಾರದ ವಿಷಯ ಹೊರಗಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹಂಪಿ 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. 2002ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯ್ದೆ ಮಾಡಿ ಈ ಪ್ರಾಧಿಕಾರ ರಚಿಸಿತು. ಅದರ ವ್ಯಾಪ್ತಿಯಲ್ಲಿ ಸುಮಾರು 236 ಚದರ ಕಿಲೋಮೀಟರ್, 29 ಹಳ್ಳಿಗಳು. ಹಂಪಿ ಅಂದ ಕೂಡಲೇ ಎಲ್ಲರೂ ಹೊಳೆಯ ಆಚೆಯ ದಂಡೆ ನೋಡುತ್ತಾರೆ. ಆದರೆ ಈ ಹಳ್ಳಿಗಳಲ್ಲಿ ದೊಡ್ಡ ಪಾಲು ಹೊಳೆಯ ಈಚೆ, ಕೊಪ್ಪಳ ಜಿಲ್ಲೆಯಲ್ಲಿವೆ. ಇಲ್ಲಿ ದನದ ಕೊಟ್ಟಿಗೆ ಒಡೆದು ಕೋಣೆ ಮಾಡುವುದಕ್ಕೂ ಒಪ್ಪಿಗೆ ಬೇಕು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಆನೆಗೊಂದಿಯ ಕೋಟೆ ಗೋಡೆಗೆ ಅಂಟಿಸಿ ಮೂರಂತಸ್ತಿನ ಆರ್‌ಸಿಸಿ ಎಬ್ಬಿಸಿದರೆ ಪ್ರವಾಸಿಗ ನೋಡುವುದಾದರೂ ಏನನ್ನು?

ವಿರುಪಾಪುರ ಗಡ್ಡೆಯ ಕತೆ ನಮ್ಮ ಭಾಗದವರಿಗೆ ಹೊಸದಲ್ಲ. ಹೊಳೆ ನಡುವಿನ ಆ ಗಡ್ಡೆಗೆ ಹರಿಗೋಲಿನಲ್ಲಿ ದಾಟಿ ಹೋಗಿ ವಿದೇಶಿಯರು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಒಂದೊಂದಾಗಿ ಗೆಸ್ಟ್ ಹೌಸು, ರೆಸ್ಟೋರೆಂಟು ಎದ್ದವು. ವರ್ಷಗಟ್ಟಲೆ ಎಲ್ಲರ ಕಣ್ಣೆದುರೇ ನಡೆದ ವ್ಯಾಪಾರ ಅದು. ಆ ಜಾಗ 1988ರ ಅಧಿಸೂಚನೆ ಪ್ರಕಾರ ಸಂರಕ್ಷಿತ ಪ್ರದೇಶ, ಕಟ್ಟಡಗಳು ಅಕ್ರಮ ಎಂದು ಹೈಕೋರ್ಟ್ 2015ರಲ್ಲಿ ಹೇಳಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ಹೋದವು. ಅದರ ಹಿಂದೆಯೇ ಕೊರೊನಾ ಲಾಕ್‌ಡೌನ್ ಬಂತು.

ತೀರ್ಪಿನ ಬಗ್ಗೆ ನನಗೆ ಮಾತಿಲ್ಲ. ಆದರೆ ಅದಾದ ಮೇಲೆ ಏನಾಯಿತು ಅನ್ನುವುದನ್ನು ಯಾರೂ ಲೆಕ್ಕ ಇಡಲಿಲ್ಲ. ವ್ಯಾಪಾರ ಸಾಯಲಿಲ್ಲ, ಜಾಗ ಬದಲಿಸಿತು. ಗಡ್ಡೆಯಲ್ಲಿದ್ದದ್ದು ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ರಸ್ತೆಗೆ ಬಂತು. ಈ ಸಲ ಬರುವಾಗ ಗೆಸ್ಟ್ ಹೌಸ್ ಎನ್ನುವ ಹೆಸರು ಬಿಟ್ಟು ಹೋಂಸ್ಟೇ ಎನ್ನುವ ಹೆಸರು ಹಿಡಿದುಕೊಂಡು ಬಂತು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರ ಸಂಖ್ಯೆ ಬೆಳೆಯುತ್ತಲೇ ಇದೆ. 2022ರ ರಾಜ್ಯ ಬಜೆಟ್‌ನಲ್ಲಿ ಆ ಬೆಟ್ಟಕ್ಕೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಭಕ್ತರು ಬಂದರೆ ರಾತ್ರಿ ಎಲ್ಲಿ ಮಲಗಬೇಕು ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಸರ್ಕಾರವಲ್ಲ, ಊರಿನವರು ಮತ್ತು ಊರಿಗೆ ಬಂದ ದುಡ್ಡಿನವರು.

ಆಮೇಲೆ 2025ರ ಮಾರ್ಚ್ 6ರ ರಾತ್ರಿ. ಸಾಣಾಪುರ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆ ಬಳಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಸ್ರೇಲಿನ ಒಬ್ಬ ಮಹಿಳೆ ಮತ್ತು ಅವರನ್ನು ಕರೆದುಕೊಂಡು ಹೋಗಿದ್ದ ಹೋಂಸ್ಟೇ ನಡೆಸುವ ಮಹಿಳೆ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಯುವಕ ಹೆಣವಾಗಿ ಸಿಕ್ಕ. ದೇಶ ವಿದೇಶದ ಟಿವಿಗಳಲ್ಲಿ ನಮ್ಮ ತಾಲ್ಲೂಕಿನ ಹೆಸರು ಬಂದದ್ದು ಹೀಗೆ.

ಮಾರನೇ ದಿನದಿಂದ ಮಾತು ಹೋಂಸ್ಟೇಗಳ ಕಡೆ ತಿರುಗಿತು. ಅನಧಿಕೃತ ಎಷ್ಟು, ಅಧಿಕೃತ ಎಷ್ಟು, ಮುಚ್ಚಿಸಿ, ಬೀಗ ಹಾಕಿಸಿ. ಒಂದು ಕ್ಷಣ ಯೋಚನೆ ಮಾಡಿ. ಅಲ್ಲಿ ದಾಳಿಗೆ ಒಳಗಾದವರಲ್ಲಿ ಹೋಂಸ್ಟೇ ನಡೆಸುವ ಹೆಣ್ಣುಮಗಳೂ ಒಬ್ಬರು. ದಾಳಿ ಮಾಡಿದವರು ಬೈಕಿನಲ್ಲಿ ಬಂದವರು. ಆ ರಾತ್ರಿ ಬೇಕಾಗಿದ್ದದ್ದು ಕಾಲುವೆ ರಸ್ತೆಯಲ್ಲಿ ಬೆಳಕು, ರಾತ್ರಿ ಗಸ್ತು, ಕರೆದರೆ ಹತ್ತು ನಿಮಿಷದಲ್ಲಿ ಬರುವ ಒಂದು ಪೊಲೀಸ್ ಗಾಡಿ. ಗೋಡೆಗೆ ಲೈಸೆನ್ಸ್ ತೂಗು ಹಾಕಿದ್ದರೆ ಅದರಿಂದ ಕಾಲುವೆ ದಂಡೆಗೆ ಬೆಳಕು ಬೀಳುತ್ತಿರಲಿಲ್ಲ. 2012ರಲ್ಲಿ ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿ ಹುಡುಗ ಹುಡುಗಿಯರನ್ನು ಹೊಡೆದಾಗಲೂ ಹೋಂಸ್ಟೇ ಪರವಾನಗಿಯ ಮಾತು ಜೋರಾಗಿ ಎದ್ದಿತ್ತು. ಹೊಡೆದವರ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನು ಹೊಡೆಸಿಕೊಂಡವರು ಇದ್ದ ಮನೆಯ ಬಗ್ಗೆ ಕೇಳುವುದು ನಮಗೆ ಅಭ್ಯಾಸವಾಗಿದೆ.

ಹಾಗಂತ ಲೈಸೆನ್ಸ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಅದರಲ್ಲೂ ಬಡವರಿಗೇ ಹೆಚ್ಚು ಬೇಕು. ಕಾಗದ ಇಲ್ಲದವನ ಮೇಲೆ ಎಲ್ಲರಿಗೂ ಅಧಿಕಾರ. ಬೀಟಿಗೆ ಬಂದವರು ಕೇಳುತ್ತಾರೆ, ಪಂಚಾಯ್ತಿಯವರು ಕೇಳುತ್ತಾರೆ, ಪಕ್ಕದ ಮನೆಯವನು ಜಗಳವಾದ ದಿನ ಅರ್ಜಿ ಬರೆಯುತ್ತಾನೆ. ಮೊಬೈಲ್‌ನಲ್ಲಿ ಯೂಟ್ಯೂಬ್ ಮಾಡುವ ನಮ್ಮ ವೃತ್ತಿಯ ಹೆಸರು ಹೇಳಿಕೊಂಡವರೂ ಕೆಲವರು ಕ್ಯಾಮೆರಾ ಹಿಡಿದು ಹೋಗಿ ನಿಲ್ಲುತ್ತಾರೆ, ಅದೂ ಗೊತ್ತಿದೆ. 2025ರ ಕೇಂದ್ರ ಬಜೆಟ್‌ನಲ್ಲಿ ಹೋಂಸ್ಟೇಗಳಿಗೆ ಮುದ್ರಾ ಸಾಲ ಕೊಡುತ್ತೇವೆ ಅಂದರು. ಕೇಳಲು ಚೆನ್ನಾಗಿದೆ. ಬ್ಯಾಂಕಿನವರು ಮೊದಲು ಕೇಳುವುದು ನೋಂದಣಿ ಪತ್ರ ಎಲ್ಲಿ ಅಂತ.

ಆ ಪತ್ರ ಸಿಗುವ ದಾರಿ ಹೇಗಿದೆ ಅಂದರೆ, ಮೊದಲು ಮನೆ ನಿಮ್ಮ ಹೆಸರಿನಲ್ಲಿರಬೇಕು. ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆ ಹಾಗಿವೆ? ತಾತನ ಹೆಸರಿನಲ್ಲಿ ಖಾತೆ, ತಾತ ತೀರಿಕೊಂಡು ಮೂವತ್ತು ವರ್ಷ, ನಾಲ್ಕು ಜನ ಅಣ್ಣ ತಮ್ಮಂದಿರು, ಅದರಲ್ಲಿ ಇಬ್ಬರು ಮಾತಾಡುವುದಿಲ್ಲ. ಇ-ಸ್ವತ್ತಿನಲ್ಲಿ ಫಾರಂ 9, 11 ತೆಗೆಸುವುದೇ ಒಂದು ಯಜ್ಞ. ಆಮೇಲೆ ಪಂಚಾಯ್ತಿಯ ನಿರಾಕ್ಷೇಪಣಾ ಪತ್ರ, ಪೊಲೀಸ್ ಪರಿಶೀಲನೆ. ಊಟ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ. ಇದಕ್ಕಿರುವ ಶುಲ್ಕ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ, ಇಷ್ಟರಲ್ಲಿ ಅಗ್ಗದ್ದು ಇದೊಂದೇ. ಪ್ರವಾಸೋದ್ಯಮ ಇಲಾಖೆಯ ಕಚೇರಿ ಜಿಲ್ಲಾ ಕೇಂದ್ರ ಕೊಪ್ಪಳದಲ್ಲಿ. ಆನೆಗೊಂದಿಯಿಂದ ಗಂಗಾವತಿಗೆ ಬಂದು ಬಸ್ಸು ಬದಲಿಸಿ ಹೋಗಬೇಕು, ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ವಾಪಸ್ ಬರಬೇಕು. ಆನ್‌ಲೈನ್ ಅರ್ಜಿ ಇದೆ ಅನ್ನುತ್ತೀರಿ. ಇದೆ. ಸ್ಕ್ಯಾನ್ ಮಾಡಲು ಕಾಗದ ಇರಬೇಕಲ್ಲ?

ಇದರ ಮೇಲೆ ನಮ್ಮ ಭಾಗಕ್ಕೇ ವಿಶೇಷವಾದ ಒಂದು ಸಿಕ್ಕು. ಇಲಾಖೆ ಹೇಳುವುದು, ಅತಿಥಿಯ ಕೋಣೆಗೆ ಒಳ್ಳೆಯ ಶೌಚಾಲಯ, ಬಚ್ಚಲು ಇರಬೇಕು. ಹಳೇ ಮಾಳಿಗೆ ಮನೆಯಲ್ಲಿ ಅದು ಇರುವುದಿಲ್ಲ, ಹೊಸದಾಗಿ ಕಟ್ಟಬೇಕು. ಕಟ್ಟುವುದಕ್ಕೆ ಪ್ರಾಧಿಕಾರದ ಒಪ್ಪಿಗೆ ಬೇಕು. ಒಪ್ಪಿಗೆ ಸಿಗುವವರೆಗೆ ಶೌಚಾಲಯ ಇಲ್ಲ, ಶೌಚಾಲಯ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಸಾಲ ಇಲ್ಲ, ಸಾಲ ಇಲ್ಲದೆ ಕಟ್ಟುವುದು ಹೇಗೆ? ದುಡ್ಡಿದ್ದವನು ಈ ಸುತ್ತಾಟದಲ್ಲಿ ಒಬ್ಬ ಏಜೆಂಟನ್ನು ಹಿಡಿಯುತ್ತಾನೆ. ಅಥವಾ ಕಟ್ಟಿಬಿಟ್ಟು ನೋಟಿಸ್ ಬಂದಾಗ ವಕೀಲರನ್ನು ಹಿಡಿಯುತ್ತಾನೆ. ಎರಡು ಕೋಣೆಯವನು ಬೋರ್ಡು ತೆಗೆದು ಒಳಗಿಟ್ಟು, ಗೊತ್ತಿದ್ದವರಿಗೆ ಮಾತ್ರ ಕೊಡುತ್ತಾನೆ. ನಿಯಮ ಪಾಲಿಸಲು ಮನಸ್ಸಿದ್ದವನೇ ಹೀಗೆ ಕಳ್ಳನಂತೆ ಬದುಕಬೇಕಾಗುತ್ತದೆ.

ಆನೆಗೊಂದಿಯಲ್ಲಿ ಇದು ಬೇರೆ ರೀತಿಯಲ್ಲಿ ಸಾಧ್ಯ ಅನ್ನುವುದಕ್ಕೆ ಉದಾಹರಣೆ ಊರೊಳಗೇ ಇದೆ. ಕಿಷ್ಕಿಂದಾ ಟ್ರಸ್ಟ್ 1997ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಬಾಳೆ ನಾರಿನಿಂದ ಬುಟ್ಟಿ, ಚೀಲ ಮಾಡುವುದನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿತು, ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಪ್ರವಾಸಿಗರಿಗೆ ಬಿಡಬಹುದು ಅಂತ ತೋರಿಸಿತು. ಹಳೇ ಮನೆಯೇ ಬಂಡವಾಳ ಆಗುವ ವ್ಯಾಪಾರ ಇದೊಂದೇ. ಭತ್ತದ ಕಣಜ ಅನ್ನಿಸಿಕೊಂಡ ನಮ್ಮಲ್ಲಿ, 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದ ಮೇಲೆ ಎರಡನೇ ಬೆಳೆಯ ನೀರಿನ ಮೇಲಿನ ಧೈರ್ಯ ಮೊದಲಿನಂತಿಲ್ಲ. ಎರಡು ಕೋಣೆಯ ಬಾಡಿಗೆ ಅಂದರೆ ಎಷ್ಟೋ ಮನೆಗೆ ಮಗಳ ಕಾಲೇಜು ಫೀಜು.

ಇನ್ನು ನಮ್ಮವರಿಗೂ ಎರಡು ಮಾತು ಹೇಳಬೇಕು. ಬೈದರೂ ಬೈಯಿರಿ. ರಿಜಿಸ್ಟರ್ ಪುಸ್ತಕ ಇಡದ ಮನೆಗಳು ಬೇಕಾದಷ್ಟಿವೆ. ಬಂದವರ ಆಧಾರ್, ಪಾಸ್‌ಪೋರ್ಟ್ ನೋಡುವುದು ಅನುಮಾನವಲ್ಲ, ಪದ್ಧತಿ. ವಿದೇಶಿ ಅತಿಥಿ ಬಂದು 24 ಗಂಟೆಯೊಳಗೆ ಅವರ ವಿವರದ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಲೈಸೆನ್ಸ್ ಇದ್ದರೂ ಇಲ್ಲದಿದ್ದರೂ ಈ ಜವಾಬ್ದಾರಿ ತಪ್ಪುವುದಿಲ್ಲ, ಮರೆತರೆ ಕೇಸು ನಿಮ್ಮ ಮೇಲೆಯೇ. ಬಚ್ಚಲ ನೀರನ್ನು ಕಾಲುವೆಗೆ ಬಿಡುವವರಂತೂ ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ ಅನ್ನುವುದನ್ನು ನೆನಪಿಡಬೇಕು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಮನೆಯನ್ನು ವರ್ಷಕ್ಕಿಷ್ಟು ಅಂತ ಹೊರಗಿನವರಿಗೆ ಲೀಜಿಗೆ ಕೊಟ್ಟು, ತಾವು ಗಂಗಾವತಿಯಲ್ಲಿ ಬಾಡಿಗೆ ಮನೆ ಹಿಡಿಯುವುದು. ಕಾಗದದಲ್ಲಿ ಮಾಲೀಕ ಅಲ್ಲೇ ವಾಸ, ನಿಜದಲ್ಲಿ ಅಲ್ಲಿ ಯಾರೋ. ರಾತ್ರಿ ಹನ್ನೆರಡಕ್ಕೆ ಸೌಂಡ್ ಬಾಕ್ಸ್ ಹಚ್ಚಿದರೆ ಹೇಳುವ ಹಿರಿಯರಿಲ್ಲ. ಅಲ್ಲಿಗೆ ಹೋಗಬೇಡಿ, ಈ ಹೊತ್ತಲ್ಲಿ ಕಾಲುವೆ ಕಡೆ ಬೇಡ ಅನ್ನುವ ಅಜ್ಜಿ ಇಲ್ಲ. ಮಾಲೀಕ ಮನೆಯಲ್ಲಿರಬೇಕು ಅನ್ನುವ ನಿಯಮದ ತಿರುಳು ಇದೇ. ಲೀಜಿನ ದುಡ್ಡು ನೀವು ತೆಗೆದುಕೊಂಡಿರಿ, ಹೋಂಸ್ಟೇ ಅಂದರೆ ಕೆಟ್ಟದ್ದು ಅನ್ನುವ ಹೆಸರನ್ನು ಪಕ್ಕದ ಮನೆಯವರು ಹೊತ್ತರು.

ಹಾಗಾಗಿ ತಪಾಸಣೆಗೆ ಬರುವ ಅಧಿಕಾರಿಗಳು ಮೊದಲು ಕೇಳಬೇಕಾದದ್ದು ಲೈಸೆನ್ಸ್ ನಂಬರಲ್ಲ, ಈ ಮನೆಯಲ್ಲಿ ಇಂದು ರಾತ್ರಿ ಮಲಗುವ ಮನೆಯವರು ಯಾರು ಅಂತ. ಅಡುಗೆ ಮನೆ, ದೇವರ ಗೂಡು, ರೇಷನ್ ಕಾರ್ಡು ನೋಡಿದರೆ ಐದು ನಿಮಿಷದ ಕೆಲಸ. ಮನೆಯವರು ಇದ್ದು ಐದು ಕೋಣೆಯೊಳಗೆ ಇದ್ದರೆ ಅವರಿಗೆ ಬೀಗ ಹಾಕುವ ಬದಲು ಅರ್ಜಿ ತುಂಬಿಸಿ. ಜಂಟಿ ಖಾತೆ ಇದ್ದರೆ ಉಳಿದ ಪಾಲುದಾರರ ಒಪ್ಪಿಗೆ ಪತ್ರ ಸಾಕು ಅನ್ನಿ. ಪಂಚಾಯ್ತಿ, ಪೊಲೀಸ್, ಪ್ರಾಧಿಕಾರ, ಇಲಾಖೆ ನಾಲ್ಕೂ ಸೇರಿ ತಿಂಗಳಿಗೊಮ್ಮೆ ಆನೆಗೊಂದಿಯಲ್ಲೇ ಒಂದು ದಿನ ಕೂತು ಅರ್ಜಿ ತೀರಿಸಲಿ. ಹಳೇ ಮನೆಯ ಶೌಚಾಲಯಕ್ಕೆ ಪ್ರಾಧಿಕಾರ ಒಂದು ಮಾದರಿ ನಕ್ಷೆ ಕೊಟ್ಟು, ಇದರಂತೆ ಕಟ್ಟಿದರೆ ಬೇರೆ ಒಪ್ಪಿಗೆ ಬೇಡ ಅನ್ನಲಿ. ಮನೆಯವರು ಇಲ್ಲದ, ಗದ್ದೆ ಮೇಲಿನ ಜಾಗಗಳನ್ನು ಹೋಂಸ್ಟೇ ಪಟ್ಟಿಯಿಂದಲೇ ತೆಗೆದು, ರೆಸಾರ್ಟಿನ ಕಾನೂನಿನಲ್ಲಿ ನೋಡಲಿ. ಅಲ್ಲಿ ಉಳಿದರೆ ಉಳಿಯಲಿ, ಬಿದ್ದರೆ ಬೀಳಲಿ.

ನೋಂದಣಿಯಾದ ಮನೆಗಳ ಪಟ್ಟಿ ಪಂಚಾಯ್ತಿ ಗೋಡೆ ಮೇಲೆ ಕನ್ನಡದಲ್ಲಿ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ನಮ್ಮ ಊರಲ್ಲಿ ಎಷ್ಟು ಹೋಂಸ್ಟೇ ನೋಂದಣಿ ಆಗಿವೆ, ಎಷ್ಟು ಅರ್ಜಿ ಬಾಕಿ, ಯಾವ ಕಚೇರಿಯಲ್ಲಿ ಎಷ್ಟು ದಿನದಿಂದ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಬರೆಯಲು ಬಾರದಿದ್ದರೆ ಈ ಬರಹದ ಕೆಳಗೆ ಊರ ಹೆಸರು ಹಾಕಿ, ಒಂದು ನಮೂನೆ ಬರೆದು ಕಳಿಸುತ್ತೇನೆ.