ಕಾಲೇಜುಗಳ ಲೆಕ್ಕದಲ್ಲಿ ಕಳೆದುಹೋದ ಪ್ರಯೋಗಾಲಯ

ಹೊಸ ಫಾರ್ಮಸಿ ಕಾಲೇಜುಗಳಿಗೆ ಐದು ವರ್ಷ ಅನುಮತಿ ಕೊಡುವುದಿಲ್ಲವೆಂದು ಭಾರತೀಯ ಫಾರ್ಮಸಿ ಮಂಡಳಿ 2019ರ ಜುಲೈನಲ್ಲಿ ನಿರ್ಣಯಿಸಿತು. ಕರ್ನಾಟಕವೂ ಸೇರಿ ಮೂರು ರಾಜ್ಯಗಳ ಹೈಕೋರ್ಟ್‌ಗಳು ಅದನ್ನು ರದ್ದುಪಡಿಸಿದವು. ಮಂಡಳಿಯ ಮೇಲ್ಮನವಿಯನ್ನು 2022ರ ಸೆಪ್ಟೆಂಬರ್ 15ರಂದು ವಜಾ ಮಾಡಿದ ಸುಪ್ರೀಂ ಕೋರ್ಟ್, ಇಂಥ ನಿರ್ಬಂಧ ಶಾಸನದ ಮೂಲಕ ಬರಬೇಕೇ ಹೊರತು ಬರೀ ನಿರ್ಣಯದಿಂದಲ್ಲ ಎಂದಿತು. ತೀರ್ಪು ಸರಿಯಾಗಿಯೇ ಇದೆ. ಆದರೆ ಕಾಲೇಜುಗಳು ಹೆಚ್ಚಾದವೇ ಎಂಬ ಜಗಳದ ನಡುವೆ, ಅಲ್ಲಿ ಓದಿದವರು ಔಷಧ ಸಂಶೋಧನೆಗೆ ಒದಗುತ್ತಾರೆಯೇ ಎಂಬ ಪ್ರಶ್ನೆ ಮೂಲೆಗೆ ಬಿತ್ತು.

ಬಿ.ಫಾರ್ಮ್ ನಿಯಮಾವಳಿಯಲ್ಲಿ ತರಬೇತಿಗೆ ಜಾಗವಿದೆ. ಆರನೇ ಸೆಮಿಸ್ಟರ್ ಮುಗಿದ ಮೇಲೆ ನಾಲ್ಕು ವಾರಗಳಲ್ಲಿ 150 ಗಂಟೆ ಕೆಲಸ. ಔಷಧ ತಯಾರಿಕಾ ಘಟಕ, ಗುಣಮಟ್ಟ ನಿಯಂತ್ರಣ, ಸಂಶೋಧನಾ ವಿಭಾಗ ಎಲ್ಲವೂ ಪಟ್ಟಿಯಲ್ಲಿವೆ. ಆದರೆ ತಲೆಬರಹದಲ್ಲೇ ಅದು ‘ಅಪೇಕ್ಷಣೀಯ’. ಕಡ್ಡಾಯವಲ್ಲದ್ದು ಎಷ್ಟು ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ಹಾನಿ ಆಗುವುದು ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ. ಸ್ಯಾಲಿಸಿಲಿಕ್ ಆಮ್ಲದಿಂದ ಆಸ್ಪಿರಿನ್ ಮಾಡುವ ಪಾಠ ಬಹುತೇಕ ಎಲ್ಲ ಕಡೆಯೂ ಇದೆ. ಸಿಕ್ಕ ಬಿಳಿ ಹರಳಿಗೆ ಫೆರಿಕ್ ಕ್ಲೋರೈಡ್ ಹಾಕಿದಾಗ ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಮ್ಲ ಉಳಿದಿದೆ ಎಂದರ್ಥ. ಕ್ರಿಯೆ ಪೂರ್ತಿಯಾಗಲಿಲ್ಲವೇ? ತೇವ ತಗುಲಿ ಆಸ್ಪಿರಿನ್ ಮತ್ತೆ ಒಡೆಯಿತೇ? ಸಂಶೋಧನೆಯ ತರಬೇತಿ ಈ ಪ್ರಶ್ನೆಗಳಿಂದಲೇ ಶುರುವಾಗಬೇಕು. ಆಗುವುದು ಬೇರೆ: ‘ಬಣ್ಣ ಬರಲಿಲ್ಲ’ ಎಂದು ಬರೆದು, ಇಳುವರಿಯ ಅಂಕಿಯನ್ನು ಸೀನಿಯರ್‌ನ ರೆಕಾರ್ಡ್‌ನಿಂದ ಇಳಿಸಿ, ಸೆಮಿಸ್ಟರ್ ಕೊನೆಯಲ್ಲಿ ಹಿಂದಿನ ತಾರೀಖು ಹಾಕಿ ಸಹಿ ಪಡೆಯುವುದು. ಎಚ್‌ಪಿಎಲ್‌ಸಿ ಎಂಬ ಔಷಧ ವಿಶ್ಲೇಷಣಾ ಯಂತ್ರವಿದ್ದರೂ ಅದು ಡೆಮೊಗೆ ಮಾತ್ರ. ಕೆಟ್ಟರೆ ರಿಪೇರಿಗೆ ದುಡ್ಡಿಲ್ಲ.

ಇದನ್ನು ಹುಡುಗರ ಸೋಮಾರಿತನ ಎಂದು ತಳ್ಳಿಹಾಕುವಂತಿಲ್ಲ. ಸರಿಯಾದ ಉತ್ತರಕ್ಕಷ್ಟೇ ಅಂಕ ಕೊಡುವ ವ್ಯವಸ್ಥೆ ಸುಳ್ಳು ದಾಖಲೆಯನ್ನು ಪಾಠವಾಗಿಯೇ ಕಲಿಸುತ್ತಿದೆ. ಉದ್ಯಮದಲ್ಲಿ ಅದೇ ಅಪರಾಧ. ಕಲಬೆರಕೆ ಔಷಧ ಮತ್ತು ಸುಳ್ಳು ಹೇಳಿಕೆಗಳ ಪ್ರಕರಣದಲ್ಲಿ ರ‍್ಯಾನ್‌ಬ್ಯಾಕ್ಸಿಯ ಅಮೆರಿಕದ ಘಟಕ 2013ರಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆರಲು ಒಪ್ಪಿತು. ನಂತರವೂ ಅಮೆರಿಕದ ಔಷಧ ನಿಯಂತ್ರಕರು ಭಾರತದ ಘಟಕಗಳಿಗೆ ಬರೆದ ಎಚ್ಚರಿಕೆ ಪತ್ರಗಳಲ್ಲಿ ದಾಖಲೆಗಳ ನಂಬಲರ್ಹತೆಯ ದೂರು ಮತ್ತೆ ಮತ್ತೆ ಕಾಣಿಸಿಕೊಂಡಿದೆ.

ಸಂಶೋಧಕರನ್ನು ರೂಪಿಸುವುದು ಬಿ.ಫಾರ್ಮ್‌ನ ಕೆಲಸವಲ್ಲ, ಅದಕ್ಕೆ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ (ನೈಪರ್) ಇದೆ ಎಂಬ ವಾದವುಂಟು. ಮೊಹಾಲಿಯ ನೈಪರ್‌ಗೆ 1998ರ ಕಾಯ್ದೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನ ಕೊಟ್ಟಿತು. ಈಗ ನಡೆಯುತ್ತಿರುವ ಏಳು ನೈಪರ್‌ಗಳಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ಬಯೋಕಾನ್, ಸಿಂಜೀನ್‌ನಂಥ ಔಷಧ ಕಂಪನಿಗಳಿರುವುದು ಬೆಂಗಳೂರಿನಲ್ಲಿ ಎಂಬುದು ಬೇರೆ ಮಾತು. ಅಲ್ಲದೆ ನೈಪರ್ ಸೇರುವವರು ಬರುವುದೂ ಹೆಚ್ಚಾಗಿ ಇವೇ ಬಿ.ಫಾರ್ಮ್ ತರಗತಿಗಳಿಂದ. ನಾಲ್ಕು ವರ್ಷ ರೂಢಿಯಾದ ಕೈ ಎಂ.ಫಾರ್ಮ್‌ನಲ್ಲಿ ಥಟ್ಟನೆ ಬದಲಾಗುವುದಿಲ್ಲ.

ಮಂಡಳಿ ಆ 150 ಗಂಟೆಯನ್ನು ಕಡ್ಡಾಯ ಮಾಡಲಿ. ವಿಶ್ವವಿದ್ಯಾಲಯಗಳು ಕೆಟ್ಟುಹೋದ ಪ್ರಯೋಗಕ್ಕೂ, ಅದರ ಕಾರಣ ಹುಡುಕಿದ್ದಕ್ಕೂ ಅಂಕ ಕೊಡಲಿ. ತಪಾಸಣೆಗೆ ಬರುವವರು ಕೊಠಡಿಯ ಚದರಡಿ ಅಳೆಯುವ ಮೊದಲು ಎಚ್‌ಪಿಎಲ್‌ಸಿಯ ಲಾಗ್‌ಬುಕ್ ತೆರೆದು, ಕಳೆದ ತಿಂಗಳು ಅದನ್ನು ಮುಟ್ಟಿದ ವಿದ್ಯಾರ್ಥಿಗಳೆಷ್ಟು ಎಂದು ಕೇಳಲಿ.