ಮಗನ ಹಳೇ ಸೆಟ್ಟು, ತಾಯಿಯ ಹೊಸ ಫೋನು

ಹುಡುಗರಿಗೆ ಕ್ಯಾಮೆರಾ ಬೇಕು, ದುಡಿಯುವವರಿಗೆ ಬ್ಯಾಟರಿ ಬೇಕು, ಅಜ್ಜಂದಿರಿಗೆ ಬಟನ್ ಸೆಟ್ಟೇ ಸಾಕು. ಯಾವ ವಯಸ್ಸಿನವರಿಗೆ ಎಂಥ ಫೋನ್ ಇಷ್ಟ ಎಂಬ ಮಾತು ಬಂದಾಗಲೆಲ್ಲ ಕೇಳಿಬರುವುದು ಇಷ್ಟೇ. ಸವಳಂಗದಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡು, ಕರೆನ್ಸಿ ಹಾಕಿಕೊಂಡು ಬದುಕುವ ನಾನು ಇದನ್ನು ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಈ ಲೆಕ್ಕಕ್ಕೆ ಸಿಗುವವರು ಅಂಗಡಿಗೆ ಬಂದು ದುಡ್ಡು ಕೊಟ್ಟು ಫೋನ್ ಒಯ್ಯುವವರು ಮಾತ್ರ. ತನ್ನ ಫೋನನ್ನು ತಾನು ಒಮ್ಮೆಯೂ ಆರಿಸಿಕೊಳ್ಳದೆ ಬಳಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಹೆಚ್ಚಿನವರು ನಲವತ್ತು ದಾಟಿದ ಹೆಂಗಸರು.

ಶಿವಮೊಗ್ಗ–ಶಿಕಾರಿಪುರ ರಸ್ತೆಗೆ ನ್ಯಾಮತಿಯ ದಾರಿ ಬಂದು ಕೂಡುವ ಊರು ನಮ್ಮದು. ಶಿವಮೊಗ್ಗದ ಕಾಲೇಜಿಗೆ ಬಸ್ಸು ಹತ್ತುವ ಮಕ್ಕಳು, ಮೆಕ್ಕೆಜೋಳ ಬೆಳೆಯುವವರು, ಅಡಿಕೆ ತೋಟದವರು, ತಾಂಡಾಗಳ ಕೂಲಿಯವರು ಎಲ್ಲರೂ ಇಲ್ಲಿ ಇಳಿದು ಹತ್ತುತ್ತಾರೆ. ಕಾಲೇಜು ಹುಡುಗರಿಗೆ ನಾನು ಏನನ್ನೂ ಹೇಳಿಕೊಡಬೇಕಿಲ್ಲ. ರ್‍ಯಾಮ್ ಎಷ್ಟು, ಕ್ಯಾಮೆರಾ ಎಂಥದ್ದು, ಗೇಮ್ ಆಡಿದರೆ ಬಿಸಿಯಾಗುತ್ತದೋ ಇಲ್ಲವೋ ಎಲ್ಲವನ್ನೂ ಯೂಟ್ಯೂಬಿನಲ್ಲಿ ನೋಡಿಕೊಂಡೇ ಬರುತ್ತಾರೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಂತಿನ ಮೇಲೆ ಒಯ್ಯುತ್ತಾರೆ. ಹೊಸದು ಕೈಗೆ ಬಂದ ದಿನ ಹಳೆಯದು ಅಮ್ಮನಿಗೆ ಹೋಗುತ್ತದೆ. "ನಿಂಗ್ಯಾಕಮ್ಮ ಹೊಸಾದು, ನಂದೇ ಐತಲ್ಲ" ಅನ್ನುವ ಮಾತಿನಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ನಿನಗೆ ಎಂಥದ್ದು ಬೇಕು ಎಂಬ ಪ್ರಶ್ನೆ ಅಲ್ಲಿ ಇಲ್ಲವೇ ಇಲ್ಲ.

ಹಾಗೆ ಬಂದ ಫೋನ್ ಕೆಲವೇ ತಿಂಗಳಲ್ಲಿ ನನ್ನ ಟೇಬಲ್ಲಿಗೆ ಬರುತ್ತದೆ. ಗಾಜಿನ ಮೂಲೆ ಸೀಳಿರುತ್ತದೆ, ಚಾರ್ಜಿಂಗ್ ಪಿನ್ ಸಡಿಲ, ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿರುತ್ತದೆ. ತೆರೆದರೆ ಜಾಗವೆಲ್ಲ ಮಗನ ಫೋಟೊ, ವಿಡಿಯೊಗಳಿಂದ ಭರ್ತಿ. ಭಾಷೆ ಇಂಗ್ಲಿಷ್, ಅಕ್ಷರ ಸಾಸಿವೆಯಷ್ಟು. "ಜೋಪಾನ ತಮ್ಮಾ, ಅದು ನಮ್ ಹುಡುಗಂದು" ಎಂದು ಆ ತಾಯಿ ಹೇಳುತ್ತಾರೆ. ದಿನವೂ ತನ್ನ ಕೈಯಲ್ಲೇ ಇರುವ ಫೋನು ಅವರ ಬಾಯಲ್ಲಿ ಇನ್ನೂ ಮಗನದೇ.

ಅಡಿಕೆ ಸುಲಿಯುವ ಕಾಲದಲ್ಲಿ ಈ ತಾಯಂದಿರ ಬೆರಳನ್ನು ನೋಡಬೇಕು. ಮೆಟ್ಟುಗತ್ತಿಯ ಮುಂದೆ ದಿನವಿಡೀ ಕೂತು ತುದಿ ಒರಟಾಗಿ, ಚೊಗರಿಗೆ ಕಪ್ಪಾಗಿ, ಗೆರೆಗಳೇ ಸವೆದಿರುತ್ತವೆ. ಆ ಬೆರಳನ್ನು ಫೋನಿನ ಲಾಕ್ ಗುರುತಿಸುವುದಿಲ್ಲ. ಅದೇ ಬೆರಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲೂ ಎಷ್ಟೋ ಸಲ ಹೊಂದಿಕೆಯಾಗುವುದಿಲ್ಲ. ಫೋನಿನ ಗಾಜನ್ನು ಒಂದು ಸಲ ಮುಟ್ಟಿದರೆ ತೆರೆದುಕೊಳ್ಳುವುದಿಲ್ಲ, ಎರಡನೇ ಸಲ ಒತ್ತಿದರೆ ಬೇಕಿಲ್ಲದ ಜಾಹೀರಾತು ತೆರೆದುಕೊಳ್ಳುತ್ತದೆ. ಆಗ ಮನೆಯವರು "ನಿಂಗೆ ಬರಲ್ಲ ಬಿಡು" ಅಂದುಬಿಡುತ್ತಾರೆ. ಬಾರದಿರುವುದು ಆ ತಾಯಿಗಲ್ಲ. ಆ ಫೋನೇ ಆ ಕೈಗೆ ತಕ್ಕದ್ದಲ್ಲ.

ಬಟನ್ ಸೆಟ್ಟನ್ನು ಬಿಡದ ಅಜ್ಜಂದಿರನ್ನು ಹಳೇ ಕಾಲದವರು ಎಂದು ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ತೋಟಕ್ಕೆ ಹೊರಡುವ ಮನುಷ್ಯನಿಗೆ ಬೇಕಾದದ್ದು ಟಾರ್ಚು, ಮೂರ್ನಾಲ್ಕು ದಿನ ನಿಲ್ಲುವ ಬ್ಯಾಟರಿ, ಒದ್ದೆ ಕೈಯಲ್ಲೂ ಒತ್ತಬಹುದಾದ ಗುಂಡಿ. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರು ಅದರೊಳಗಿನ ಸಿಮ್ಮಿಗೆ ಒಂದು ಕರೆ ಮಾಡಿ ಮೋಟಾರ್ ಚಾಲೂ ಮಾಡುತ್ತಾರೆ. ಅದಕ್ಕೆ ಸ್ಮಾರ್ಟ್‌ಫೋನ್ ಬೇಕಿಲ್ಲ. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಗಿದ್ದು ಸುಮ್ಮನೆಯೇ? ಟಾರ್ಚು, ದೂಳು ಹೋಗದ ರಬ್ಬರ್ ಕೀಲಿ, ಜಾರದ ಮೈ ಇಟ್ಟು, ನಮ್ಮಂಥ ಊರುಗಳ ಕೈಯನ್ನು ನೋಡಿಯೇ ಅದನ್ನು ಮಾಡಿದ್ದರು. ಅಜ್ಜಂದಿರು ಯೋಚಿಸಿಯೇ ಆರಿಸಿಕೊಂಡಿದ್ದಾರೆ. ಆ ಆಯ್ಕೆಗೆ ಬೆಲೆ ಕೊಡದೆ ಹೋದದ್ದು ಸಿಮ್ ಕಂಪನಿಗಳು. ಬರೀ ಮಾತಾಡುವವರೂ ಇಂಟರ್ನೆಟ್ಟಿನ ದುಡ್ಡು ಕಟ್ಟಬೇಕಾದ ಪ್ಯಾಕುಗಳು ವರ್ಷಗಟ್ಟಲೆ ನಡೆದವು. ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಪ್ರತ್ಯೇಕ ಪ್ಯಾಕ್ ಇಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೇಳಲು 2024ರ ಡಿಸೆಂಬರ್ ಬರಬೇಕಾಯಿತು. ಅಂಥ ಪ್ಯಾಕ್ ಇದೆ ಎಂಬುದು ನಾನು ಹೇಳುವವರೆಗೆ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಗುಂಡಿಯೂ ಬೇಕು, ವಾಟ್ಸ್‌ಆ್ಯಪೂ ಬೇಕು ಎನ್ನುವವರಿಗೆ ಜಿಯೋಫೋನ್ ಚೆನ್ನಾಗಿ ಒಗ್ಗಿತ್ತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಕ್ಕ ಫೋನದು. ಮರುವರ್ಷ ವಾಟ್ಸ್‌ಆ್ಯಪೂ ಬಂತು. ಆಮೇಲೆ ಆ ಬಗೆಯ ಫೋನುಗಳಿಗೆ ವಾಟ್ಸ್‌ಆ್ಯಪ್ ಬೆಂಬಲ ನಿಂತುಹೋಯಿತು. ಹಳೇ ಆಂಡ್ರಾಯ್ಡ್ ಫೋನುಗಳಿಗೂ ಅದೇ ಗತಿ. ಅಂಥ ಫೋನು ಸಿಗುವುದು ತಾಯಂದಿರ ಕೈಯಲ್ಲೇ.

ಇನ್ನು ವಯಸ್ಸಾದವರಿಗೆ ಸ್ಮಾರ್ಟ್‌ಫೋನ್ ಬೇಡವೇ ಬೇಡ ಅನ್ನುವುದೂ ತಪ್ಪು. ಬಂಜಾರರ ಗುರು ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನದೇ. ಸುತ್ತಲಿನ ತಾಂಡಾಗಳಿಂದ ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ಕೆಲಸಕ್ಕೆ ಚಿಕ್ಕಮಗಳೂರಿಗೆ ಜನ ಹೋಗುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಆ ಅಜ್ಜಿಯರು ಅಂಗಡಿಗೆ ಬಂದು ಕೇಳುವುದು ಒಂದೇ: "ಮುಖ ಕಾಣೋ ಫೋನ್ ಕೊಡಪ್ಪ." ಕತ್ತಲಾದ ಮೇಲೆ ಮೊಮ್ಮಗುವಿಗೆ ಅದರ ತಾಯಿಯ ಮುಖ ತೋರಿಸಬೇಕು. ಅವರಿಗೆ ಬೇಕಾದದ್ದು ದೊಡ್ಡ ಪರದೆ, ಜೋರು ಸ್ಪೀಕರು, ತಾಂಡಾದಲ್ಲಿ ಸಿಗ್ನಲ್ ಹಿಡಿಯುವ ಸಿಮ್ಮು. ಇದು ಎಷ್ಟು ಖಚಿತವಾದ ಬೇಡಿಕೆ ನೋಡಿ. ಯಾವ ಕಾಲೇಜು ಹುಡುಗನ ಪಟ್ಟಿಗೂ ಕಡಿಮೆ ಇಲ್ಲ.

ತಾಯಂದಿರ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ಇಲ್ಲಿ ದುಡ್ಡಿನ ಅಪಾಯವೂ ಇದೆ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಶುರುವಾದ ಮೇಲೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಖಾತೆ ಆ ತಾಯಿಯದು. ಖಾತೆಗೆ ಕೊಟ್ಟ ನಂಬರು ಮಾತ್ರ ಎಷ್ಟೋ ಮನೆಗಳಲ್ಲಿ ಮಗನದು, ಮಗ ಇರುವುದು ಬೆಂಗಳೂರಿನಲ್ಲಿ. ಏನೇ ಕೆಲಸವಿದ್ದರೂ ಓಟಿಪಿ ಅವನಿಗೆ ಹೋಗುತ್ತದೆ, ಅವನು ಫೋನ್ ಮಾಡಿ ಹೇಳುತ್ತಾನೆ. ಕೆಲವೊಮ್ಮೆ ತಾಯಿಯ ಫೋನಿಗೆ ಬಂದದ್ದನ್ನು ಅವರು ಅವನಿಗೆ ಓದಿ ಹೇಳುತ್ತಾರೆ. ಹೀಗೆ ಫೋನಿನಲ್ಲಿ ಓಟಿಪಿ ಹೇಳುವುದೇ ಮನೆಯ ರೂಢಿಯಾದ ಮೇಲೆ, "ಬ್ಯಾಂಕಿನಿಂದ ಮಾತಾಡ್ತಿದ್ದೀವಿ" ಎನ್ನುವವನಿಗೆ ಹೇಳಬಾರದೆಂದು ಅವರು ಹೇಗೆ ತಿಳಿಯಬೇಕು? ದುಡ್ಡು ಹೋದ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದೂ ಅವರಿಗೆ ಯಾರೂ ಹೇಳಿರುವುದಿಲ್ಲ. ದುಡ್ಡು ಕಳೆದುಕೊಂಡು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತವರಿದ್ದಾರೆ. ಮನೆಯಲ್ಲಿ ಬೈದಾರೆಂದು ಮೊದಲು ನನ್ನ ಹತ್ತಿರ ಬಂದಿರುತ್ತಾರೆ.

ಮಗಳ ಕಾಲಕ್ಕೆ ಇದು ಸರಿಹೋಗುತ್ತದೆ ಅನ್ನುತ್ತೀರಾ? ದೇಶದ 26 ರಾಜ್ಯಗಳ ಗ್ರಾಮೀಣ ಭಾಗದಲ್ಲಿ 14ರಿಂದ 18 ವರ್ಷದವರನ್ನು ಮಾತಾಡಿಸಿದ ಅಸರ್ ಶಿಕ್ಷಣ ಸಮೀಕ್ಷೆಯ 2023ರ ವರದಿ ನೋಡಿ. ಸ್ಮಾರ್ಟ್‌ಫೋನ್ ಬಳಸಲು ಬಲ್ಲ ಹುಡುಗರಲ್ಲಿ ಶೇ 43.7ರಷ್ಟು ಮಂದಿಗೆ ಸ್ವಂತ ಫೋನ್ ಇತ್ತು. ಹುಡುಗಿಯರಲ್ಲಿ ಶೇ 19.8. ನನ್ನ ಅಂಗಡಿಯಲ್ಲಿ ಕಾಣುವುದೂ ಇದೇ. ಪಿಯುಸಿ ಮುಗಿಸಿದ ಹುಡುಗ ಫೋನ್ ಆರಿಸುತ್ತಾನೆ, ಅವನಷ್ಟೇ ಓದಿದ ಅಕ್ಕನೋ ತಂಗಿಯೋ ಅಮ್ಮನ ಜೊತೆ ಒಂದೇ ಫೋನಿನಲ್ಲಿ ಹೊಂದಿಕೊಳ್ಳುತ್ತಾಳೆ.

ಎಲ್ಲರಿಗೂ ಹೊಸ ಫೋನ್ ಕೊಡಿಸಲು ದುಡ್ಡೆಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಹಳೆಯದನ್ನೇ ಕೊಡಿ, ಆದರೆ ಕೊಡುವ ಹಾಗೆ ಕೊಡಿ. ಬ್ಯಾಟರಿ ಬದಲಿಸಿ. ನಿಮ್ಮ ಗೂಗಲ್ ಖಾತೆ ತೆಗೆದು, ಪೂರ್ತಿ ರೀಸೆಟ್ ಮಾಡಿ, ಅಮ್ಮನ ಹೆಸರಿನಲ್ಲಿ ಹೊಸ ಖಾತೆ ಮಾಡಿಕೊಡಿ. ನಿಮ್ಮ ಖಾತೆ ತೆಗೆಯದೆ ಹಾಗೇ ಬಿಟ್ಟರೆ ಅವರು ಸೇರಿಸಿಟ್ಟ ನಂಬರುಗಳೆಲ್ಲ ನಿಮ್ಮ ಖಾತೆಯಲ್ಲಿ ಉಳಿದು, ಮುಂದೊಂದು ದಿನ ಅವರ ಫೋನಿನಿಂದ ಮಾಯವಾಗಬಹುದು. ಸೆಟ್ಟಿಂಗ್ಸಿನಲ್ಲಿ ಕನ್ನಡ ಇದೆ, ಹಾಕಿ. ಅಕ್ಷರ ದೊಡ್ಡದು ಮಾಡಿ. ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಎಂದು ಒಂದು ಸಲ ತೋರಿಸಿ. ಬೆರಳಚ್ಚು ಹಿಡಿಯದಿದ್ದರೆ ನಾಲ್ಕಂಕಿಯ ಪಿನ್ ಇಡಿ, ಅದನ್ನು ಅವರೇ ಆರಿಸಲಿ. ಬ್ಯಾಂಕ್ ಖಾತೆಗೆ ಅವರದೇ ನಂಬರ್ ಜೋಡಿಸಿ. ಇಷ್ಟಕ್ಕೂ ಒಂದು ಸಂಜೆ ಸಾಕು.

ಸರ್ಕಾರದ ಪಾಲೂ ಇದೆ. ಪಂಚಾಯಿತಿಗಳ ಗ್ರಂಥಾಲಯಗಳನ್ನು ಅರಿವು ಕೇಂದ್ರ ಮಾಡಿದ್ದಾರೆ, ಒಳ್ಳೆಯ ಕೆಲಸ. ಅಲ್ಲಿ ವಾರಕ್ಕೊಂದು ಮಧ್ಯಾಹ್ನ ಹೆಂಗಸರಿಗೆ ಅವರದೇ ಫೋನಿನಲ್ಲಿ, ಅವರ ಕೈಯಿಂದಲೇ ಮಾಡಿಸಿ ಕಲಿಸಬೇಕು. ಸ್ತ್ರೀಶಕ್ತಿ ಸಂಘಗಳ ಸಭೆಗೇ ಹೋಗಿ ಕಲಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಅವರು ನಾಚಿಕೆಯಿಲ್ಲದೆ ಪ್ರಶ್ನೆ ಕೇಳುತ್ತಾರೆ. ಸವಳಂಗದ ಪಂಚಾಯಿತಿ ಇದಕ್ಕೆ ಒಪ್ಪಿದರೆ ಅಂಗಡಿ ಮುಚ್ಚಿ ಬಂದು ಕಲಿಸಲು ನಾನು ತಯಾರಿದ್ದೇನೆ.

ಹೊಸ ಫೋನೇ ತರುವುದಾದರೆ ಅಮ್ಮನನ್ನು ಅಂಗಡಿಗೆ ಕರೆದುಕೊಂಡು ಬನ್ನಿ. ಮೂರ್ನಾಲ್ಕು ಸೆಟ್ಟು ಕೈಗೆ ಕೊಡುತ್ತೇನೆ, ಹಿಡಿದು ನೋಡಲಿ, ಮಗಳಿಗೊಂದು ಕರೆ ಮಾಡಿ ದನಿ ಕೇಳಲಿ. ನೀವು ಸ್ವಲ್ಪ ಹೊತ್ತು ಹೊರಗೆ ಚಹಾ ಕುಡಿದು ಬನ್ನಿ.