ಒತ್ತಿಗೆ ಜಾಗ ಬಿಡ್ರಪ್ಪ

ಮೊನ್ನೆ ದೊಡ್ಡಪ್ಪನ ತಿಥಿಗೆ ಅಂತ ತಿಪಟೂರಿಗೆ ಹೋಗಿದ್ದೆ. ಬೀದಿ ತುದಿಯಲ್ಲೇ ಅವರ ಫೋಟೋ ಹಾಕಿದ ಫ್ಲೆಕ್ಸು, ಆರಡಿ ಎತ್ತರ. ಮೇಲೆ ಕೆಂಪಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ಅಂದರೆ, ನಾನು ಹಾಗೆ ಓದಿಕೊಂಡೆ. ಅಲ್ಲಿದ್ದದ್ದೇ ಬೇರೆ. 'ಶ್ರ'ದ ರ ಒತ್ತು, 'ದ್ಧಾ'ದ ಧ ಒತ್ತು ಎರಡೂ ಅರ್ಧಕ್ಕೆ ಕತ್ತರಿಸಿ ಕೆಳಗಿನ ಹಳದಿ ಪಟ್ಟಿಯೊಳಗೆ ಮಾಯ. ಅರ್ಕಾವತ್ತು ಮಾತ್ರ 'ಣ'ದಿಂದ ದೂರ ಹೋಗಿ, ಕರೆಯದೆ ಮದುವೆಗೆ ಬಂದವರ ಥರ ನಿಂತಿತ್ತು.

ಅಂಗಡಿಗೆ ಹೋಗಿ ಕೇಳಿದೆ. "ಓದ್ಕೊತಾರೆ ಬಿಡಣ್ಣ, ಫೋಟೋ ನೋಡಿದ್ರೆ ಗೊತ್ತಾಗಲ್ವಾ?" ಅಂದ ಹುಡುಗ.

ಅವನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತಾರು ಬರ್ತ್‌ಡೇ, ಗೃಹಪ್ರವೇಶ ಮಾಡ್ತಾನೆ ಪಾಪ. ಸಿಟ್ಟು ಬರೋದು ಬೆಂಗಳೂರಿನ ಡಿಸೈನ್ ಪಂಡಿತರ ಮಾತಿಗೆ: "ಕನ್ನಡ ಲಿಪಿಯೇ ಹಾಗೆ, ಲೇಔಟಿಗೆ ಒಗ್ಗಲ್ಲ." ಒಗ್ಗಲ್ವಂತೆ! ಸಾಲಿನ ಕೆಳಗೆ ಬರೀ ಇಂಗ್ಲಿಷಿನ ಜಿ, ವೈ ಬಾಲದಷ್ಟು ಜಾಗ ಬಿಟ್ಟು ಟೆಂಪ್ಲೇಟು ಮಾಡೋದು, ಆಮೇಲೆ ನಮ್ಮ ಲಿಪಿಯ ಮೇಲೆ ಗೂಬೆ ಕೂರಿಸೋದು. ನಮಗೆ ಕೆಳಗಡೆ ಇನ್ನೊಂದು ಅಕ್ಷರವೇ ಕೂರಬೇಕು. 'ರಾಷ್ಟ್ರ' ಅನ್ನೋದಾದರೆ ಎರಡು.

ದೊಡ್ಡಪ್ಪನ ಮಂಡಿಯಲ್ಲಿ ಒಂದು ತಗಡಿತ್ತು. ಕೊಬ್ಬರಿ ಚೀಲದ ಮೇಲೆ ಇಟ್ಟು ಮಸಿ ಬಳಿದರೆ ಹೆಸರು ಮೂಡುತ್ತಿತ್ತು. 'ಕೊಬ್ಬರಿ' ಅನ್ನೋದರಲ್ಲಿ 'ಬ'ದ ಕೆಳಗೆ ಒತ್ತಿಗೆ ಬೇರೆಯೇ ತೂತು, ನಡುವೆ ಬೆರಳಗಲ ತಗಡು. 'ರಿ'ಯ ಹೊಟ್ಟೆ ಉದುರಿ ಹೋಗದ ಹಾಗೆ ಎರಡು ಸಣ್ಣ ಕಟ್ಟು. ಅದನ್ನ ಕತ್ತರಿಸಿದವನು ಡಿಸೈನ್ ಓದಿದವನಲ್ಲ. ಅಕ್ಷರ ಎಷ್ಟು ಜಾಗ ಕೇಳುತ್ತೆ ಅಂತ ನೋಡಿ ಕೊಟ್ಟಿದ್ದ, ಅಷ್ಟೆ.

1817ರಲ್ಲೇ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕಿಟ್ಟೆಲ್ ನಿಘಂಟು ಬಂತು. ಸೀಸದ ಮೊಳೆ ಒಂದೊಂದಾಗಿ ಕೈಯಲ್ಲಿ ಜೋಡಿಸೋ ಕಾಲ. ಆಗ ಕೂತ ಒತ್ತು ಈಗ ಕೂರಲ್ಲ ಅಂದರೆ ಹೇಗೆ ನಂಬೋದು?

ತಾಂತ್ರಿಕ ಕಾರಣ ಇದೆ, ಇಲ್ಲ ಅನ್ನಲ್ಲ. ಹಳೆಯ ನುಡಿ, ಬರಹ ಫಾಂಟಿನ ಫೈಲಿನೊಳಗೆ ಇರೋದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು. ಒತ್ತು ಅಲ್ಲಿ ಒಂದು ಬಿಡಿ ತುಂಡು, ಫಾಂಟು ಬದಲಾಯಿಸಿದರೆ ಎಲ್ಲಿ ಬೀಳುತ್ತೋ ದೇವರೇ ಬಲ್ಲ. ಆದರೆ ಯುನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅಡೋಬಿಯ ಹೊಸ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಂಡರೆ ಒತ್ತು ತಾನಾಗೇ ಕೂರುತ್ತೆ. ನೋಟೊ, ಬಲೂ ತಮ್ಮ, ನಮ್ಮ ಜಿಲ್ಲೆಯ ಊರಿನ ಹೆಸರನ್ನೇ ಹೊತ್ತ ಗುಬ್ಬಿ, ಎಲ್ಲ ಪುಕ್ಕಟೆ ಸಿಗುವ ಫಾಂಟುಗಳು. (ಗುಬ್ಬಿ ಅಂದರೆ ಹಕ್ಕಿಯೇ ಇರಬೇಕು, ಅದರ ಜೊತೆಗಾರ ಫಾಂಟಿನ ಹೆಸರು ನವಿಲು. ಆದರೂ ನಮ್ಮದು ಅಂದುಕೊಳ್ಳೋದರಲ್ಲಿ ಖುಷಿ :) )

2024ರಲ್ಲಿ ಕಾಯ್ದೆ ತಿದ್ದುಪಡಿ ಆಯ್ತು, ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಒಳ್ಳೆಯದೇ. ಆದರೆ ಟೇಪು ಹಿಡಿದು ಬರುವವರು ಅಳೆಯೋದು ಜಾಗವನ್ನ. ಇಂಗ್ಲಿಷ್ ಹೆಸರು ಚೆಂದವಾಗಿ ಕೂತಿರುತ್ತೆ, ಕನ್ನಡವನ್ನ ಚಪಾತಿ ಹಿಟ್ಟಿನ ಥರ ಅಡ್ಡಡ್ಡ ಎಳೆದು 60 ತುಂಬಿಸಿರ್ತಾರೆ. ಇದಕ್ಕೆ ಚಪ್ಪಾಳೆ ಹೊಡೆಯೋ ಕನ್ನಡಾಭಿಮಾನ ನನಗೆ ಬೇಡ.

ನಮ್ಮ ಸೀಮೆಯಲ್ಲಿ ತಿಪಟೂರು, ತುರುವೇಕೆರೆ ಹೇಗೋ ಪಾರಾಗ್ತವೆ, ಒತ್ತೇ ಇಲ್ಲ. ಚಿಕ್ಕನಾಯಕನಹಳ್ಳಿಯವರ ಗತಿ ನೋಡಿ. 'ಚಿ.ನಾ.ಹಳ್ಳಿ' ಅಂತ ಮೊಟಕು ಮಾಡಿದರೂ ಕೊನೆಯ 'ಳ್ಳಿ' ಬಿಡಲ್ಲ. ಫ್ಲೆಕ್ಸ್ ಹಾಕಿಸೋ ಮುಂಚೆ ಈ ಊರಿನ ಹೆಸರು ಬರೆಸಿ ನೋಡಿ. ಎರಡು ಒತ್ತೂ ಪೂರ್ತಿ ಕಂಡರೆ ಮಾತ್ರ ಅಡ್ವಾನ್ಸ್ ಕೊಡಿ.

ವರ್ಷದ ತಿಥಿಗೆ ಮತ್ತೊಂದು ಫ್ಲೆಕ್ಸ್ ಹಾಕಿಸ್ತಾರಂತೆ. ಅಕ್ಷರ ನಾನೇ ಜೋಡಿಸಿ ಕೊಡ್ತೀನಿ ಅಂದೆ. "ನಿಂಗೆ ಬೇರೆ ಕೆಲ್ಸ ಇಲ್ವೇನೋ" ಅಂತ ಅಣ್ಣ ನಕ್ಕ. ಆದರೆ ಅಟ್ಟ ಹತ್ತಿ ಆ ಹಳೇ ತಗಡು ಹುಡುಕಿ ಕೊಟ್ಟಿದ್ದೂ ಅವನೇ.